ಯಾರದು ಈ ಪಾಚಿ

ಮೆನ್ ಸೋಕಾ ನನ್ನಿಂದ ಕೇಳಿದ್ದು ಒಂದೇ ಒಂದು ಮಾತು. ದುಡ್ಡಲ್ಲ, ದುಡಿಮೆಯಲ್ಲ, ಬರೀ ಮಾತು. ಅದನ್ನು ಆಡುವುದಕ್ಕೆ ಅರ್ಧ ಉಸಿರು ಸಾಕು. ನನ್ನ ಕೈಲಿ ಅಷ್ಟೂ ಆಗಲಿಲ್ಲ. ಹೇಗೆ ಆಗಲಿಲ್ಲ ಅಂತ ಇವತ್ತು ಹೇಳಿಬಿಡುತ್ತೇನೆ. ಕೇಳಿ ಉಗಿಯುವವರು ಉಗಿಯಲಿ, ನನ್ನ ಹೆಂಡತಿ ಆಗಲೇ ಉಗಿದಿದ್ದಾಳೆ.

ನಮ್ಮ ದ್ವೀಪದಲ್ಲಿ ಮೊದಲ ಮಗು ಹುಟ್ಟಿತೆಂದರೆ ಅಪ್ಪ ಅಮ್ಮನ ಸ್ವಂತ ಹೆಸರು ಮುಗಿದ ಹಾಗೆ. ನನ್ನ ಮಗಳು ರಿಂತಿ, ಹಾಗಾಗಿ ನಾನು ಪಾನ್ ರಿಂತಿ, ರಿಂತಿಯ ಅಪ್ಪ. ಮೆನ್ ಸೋಕಾ ಅಂದರೆ ಸೋಕಾನ ಅಮ್ಮ. ಸೋಕಾ ಹತ್ತು ವರ್ಷಕ್ಕೇ ಜ್ವರ ಬಂದು ಹೋದ, ಹೆಸರು ಮಾತ್ರ ಅವಳ ಮೇಲೆ ಉಳಿಯಿತು. ಅವಳೂ ನನ್ನ ಅಮ್ಮನೂ ಒಂದೇ ದೋಣಿಯಲ್ಲಿ ಪಾಚಿ ಕೊಯ್ದವರು, ಒಂದೇ ಚಾಪೆಯ ಮೇಲೆ ಕೂತು ಬೀಜ ಕಟ್ಟಿದವರು. ನಾನು ಅವಳನ್ನು ದೊಡ್ಡಮ್ಮ ಅಂತಲೇ ಕರೆಯುವುದು.

ಕಡಲಪಾಚಿ ನಮ್ಮ ಬೇಸಾಯ. ಇಳಿತದ ಹೊತ್ತಿನಲ್ಲಿ ಮೊಣಕಾಲು ನೀರಿಗಿಳಿದು ಗೂಟ ನೆಟ್ಟು, ಹಗ್ಗ ಬಿಗಿದು, ಹಗ್ಗಕ್ಕೆ ಪಾಚಿಯ ತುಂಡು ಕಟ್ಟುತ್ತಾ ಹೋದರೆ ನಲವತ್ತು ದಿನಕ್ಕೆ ಕೊಯ್ಲು. ಕೊಯ್ದದ್ದರಲ್ಲೇ ಎಳೆಯ ತುಂಡು ಮುರಿದು ಮತ್ತೆ ಕಟ್ಟಬೇಕು, ಬೀಜ ಅಂದರೆ ಅದೇ. ಕಣಜದಲ್ಲಿಟ್ಟು ಬೇಕಾದಾಗ ತೆಗೆಯುವ ಪದಾರ್ಥ ಅಲ್ಲ. ಬೆಳೆಯುವುದನ್ನು ಬಿಟ್ಟಿರೋ, ಬೀಜ ಹೋಯಿತು. ಉಳಿದದ್ದನ್ನು ನಾಲ್ಕು ಬಿಸಿಲು ಒಣಗಿಸಿ ಮಾರುತ್ತೇವೆ. ಒಣಗುವಾಗ ಮಳೆ ಬಿತ್ತೆಂದರೆ ಎಲ್ಲ ಸೊನ್ನೆ. ಅದಕ್ಕೇ ನಮ್ಮಲ್ಲಿ ಒಂದು ಕಟ್ಟುಪಾಡು: ಮೋಡ ಕಂಡರೆ ಯಾರ ಪಾಚಿ ಅಂತ ನೋಡುವಂತಿಲ್ಲ, ಹತ್ತಿರ ಇದ್ದವರು ಎತ್ತಿಡಬೇಕು. ಇನ್ನು ಒಣಗುವಾಗ ಒಂದು ವಾಸನೆ ಇರುತ್ತದೆ. ಅದರಲ್ಲೇ ಹುಟ್ಟಿ ಬೆಳೆದ ನಮಗೆ ಅದೊಂದು ವಾಸನೆ ಅಂತ ಗೊತ್ತಾದದ್ದು ಹೊರದೇಶದಿಂದ ಅತಿಥಿಗಳು ಬಂದ ಮೇಲೆಯೇ.

ಬಂದರಪ್ಪ ಬಂದರು! ಎದುರು ದಡದ ಸಾನೂರಿನ ಕಡೆಯಿಂದ ವೇಗದ ದೋಣಿಗಳು ದಿನಕ್ಕೆ ಆರು, ಎಂಟು, ಹನ್ನೆರಡು. ಗೂಟ ಇದ್ದಲ್ಲೆಲ್ಲ ಗೂಟ ಕಿತ್ತು ದೋಣಿ ನಿಲ್ಲಿಸಿದೆವು. ಅಪ್ಪನ ಹಂದಿಗೂಡಿದ್ದ ಜಾಗದಲ್ಲಿ ನಾನು ನಾಲ್ಕು ಕೋಣೆ ಎಬ್ಬಿಸಿದೆ, ಮುಂದೆ ಒಂದು ಜೋಕಾಲಿ ತೂಗುಹಾಕಿದೆ. ನೀರಿನಲ್ಲಿ ಬೆನ್ನು ಬಗ್ಗಿಸಿ ಸವೆದ ನನ್ನಂಥವನಿಗೆ ನೆರಳಿನಲ್ಲಿ ನಿಂತು 'ಬನ್ನಿ, ಬನ್ನಿ' ಅಂದರೆ ಅನ್ನ ಹುಟ್ಟುತ್ತಿತ್ತು. ಯಾರಿಗೆ ಬೇಡ ಹೇಳಿ. ಐದು ವರ್ಷದೊಳಗೆ ನಮ್ಮ ಕೇರಿಯಲ್ಲಿ ಪಾಚಿ ಬೆಳೆಯುವವಳು ಒಬ್ಬಳೇ ಉಳಿದಳು, ಮೆನ್ ಸೋಕಾ. ದಡದ ಓಣಿಯುದ್ದಕ್ಕೂ ಟಾರ್ಪಾಲು ಹಾಸಿ ಒಣಗಿಸುತ್ತಿದ್ದಳು. ನನ್ನ ಜೋಕಾಲಿಯಲ್ಲಿ ಕೂತವರು ಮೂಗು ಮುಚ್ಚಿಕೊಳ್ಳುತ್ತಿದ್ದರು.

ಕೇರಿಯ ಸಭೆಯಲ್ಲಿ ಎದ್ದು ನಿಂತವನು ನಾನೇ. ಬೇರೆ ಯಾರೂ ಅಲ್ಲ. 'ದಡದಲ್ಲಿ ಒಣಗಿಸೋದು ನಿಲ್ಲಿಸ್ಬೇಕು, ಅತಿಥಿಗಳಿಗೆ ವಾಸನೆ ಆಗ್ತಿದೆ' ಅಂದೆ. ಅವಳು ಕಂಬಕ್ಕೆ ಒರಗಿ ವೀಳ್ಯ ಜಗಿಯುತ್ತಿದ್ದಳು.

'ವಾಸನೆ ಪಾಚಿದೋ, ನಿನ್ ಹೊಸ ಮೂಗಿಂದೋ?' ಅಂದಳು.

ಎಲ್ಲರೂ ನಕ್ಕರು. ನಕ್ಕ ಮೇಲೆ ಎಲ್ಲರೂ ನನ್ನ ಪರ ಕೈ ಎತ್ತಿದರು, ಯಾಕೆಂದರೆ ಎಲ್ಲರ ಮನೆಯಲ್ಲೂ ಕೋಣೆಗಳಿದ್ದವು. ಅವಳು ಟಾರ್ಪಾಲು ಸುತ್ತಿಕೊಂಡು ದ್ವೀಪದ ಹಿಂಬದಿಗೆ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ಪಕ್ಕದ ಕಾಲುವೆಗೆ ಹೋದಳು. ಸೊಳ್ಳೆ, ಕೆಸರು, ಅರ್ಧ ದಿನ ನೆರಳು. ಅಲ್ಲೇ ಗೂಟ ನೆಟ್ಟಳು, ಅಲ್ಲೇ ಗುಡಿಸಲಿನ ಮುಂದೆ ಒಣಗಿಸಿದಳು.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಬಿಡಲಿಲ್ಲ. ಅತಿಥಿಗಳಿಗೆ ವಾಸನೆ ಬೇಡ, ಫೋಟೋ ಬೇಕು. 'ಹಳೆಯ ಕಾಲದ ಪಾಚಿ ಬೇಸಾಯ, ಒಂದು ಗಂಟೆ' ಅಂತ ಬೋರ್ಡು ಬರೆಸಿ, ಅವರನ್ನು ಬೈಕಿನ ಮೇಲೆ ಕೂರಿಸಿಕೊಂಡು ಅದೇ ಕಾಲುವೆಗೆ ಹೋಗತೊಡಗಿದೆ. ಅವಳಿಗೊಂದು ಹೊಸ ಬಿದಿರ ಟೋಪಿ, ಒಂದು ಬಣ್ಣದ ಪಂಚೆ ತಂದುಕೊಟ್ಟೆ. ಹೇಗೆ ನಿಲ್ಲಬೇಕು ಅಂತಲೂ ಹೇಳಿಕೊಟ್ಟೆ: 'ಬುಟ್ಟಿ ಸೊಂಟಕ್ಕಿಟ್ಕೋ ದೊಡ್ಡಮ್ಮ. ತಲೆ ಸ್ವಲ್ಪ ವಾರೆ. ಹಾಂ, ನಗು. ಹಲ್ಲು ಬೇಡ, ಬಾಯಿ ಮುಚ್ಕೊಂಡು ನಗು.' ಅವಳಿಗೆ ಮುಂದಿನ ಎರಡು ಹಲ್ಲು ಇರಲಿಲ್ಲ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತಿರಲಿಲ್ಲ.

ಅರವತ್ತು ದಾಟಿದ ಹೆಂಗಸು, ನನ್ನ ಮೂಗು ಒರೆಸಿ ಬೆಳೆಸಿದವಳು, ನಾನು ಹೇಳಿದ ಹಾಗೆ ಬಾಯಿ ಮುಚ್ಚಿಕೊಂಡು ನಕ್ಕಳು. ಥೂ, ನನ್ನ ಜನ್ಮಕ್ಕೆ!

ಆಮೇಲೆ ಕೊರೋನಾ ಬಂತು. ಹೇಗೆ ಬಂತು, ಎಲ್ಲಿಂದ ಬಂತು ಅನ್ನುವುದು ನಿಮಗೂ ಗೊತ್ತು. ನಮ್ಮಲ್ಲಿ ಅದು ಬಂದ ರೀತಿ ಏನೆಂದರೆ, ಒಂದು ದಿನ ಹನ್ನೆರಡು ದೋಣಿ, ಮರುವಾರ ಒಂದೂ ಇಲ್ಲ. ಜೋಕಾಲಿಯ ಹಗ್ಗ ಉಪ್ಪು ತಿಂದು ಹರಿಯಿತು. ಮೊದಲ ತಿಂಗಳು ರಜೆ ಸಿಕ್ಕಿತು ಅಂತ ಇಸ್ಪೀಟಾಡಿದೆವು. ಮೂರನೇ ತಿಂಗಳಿಗೆ ಅನ್ನಕ್ಕೆ ಮರಗೆಣಸು ಬೆರೆಯಿತು, ಐದನೇ ತಿಂಗಳಿಗೆ ಮರಗೆಣಸಿಗೆ ಅನ್ನ ಬೆರೆಯಿತು. ಆಗ ಒಬ್ಬೊಬ್ಬರಿಗೂ ಕಡಲು ನೆನಪಾಯಿತು. ಗೂಟ ಕಡಿಯಬಹುದು, ಹಗ್ಗ ಹೊಸೆಯಬಹುದು, ಬೀಜಕ್ಕೆ ಎಲ್ಲಿಗೆ ಹೋಗುವುದು? ನಮ್ಮ ಕಡೆ ಜೀವಂತ ಬೀಜ ಇದ್ದದ್ದು ಒಂದೇ ಕಾಲುವೆಯಲ್ಲಿ.

ಜನ ಸಾಲುಗಟ್ಟಿ ಹೋದರು. ಅವಳು ಎಲ್ಲರಿಗೂ ಕೊಟ್ಟಳು. ಬುಟ್ಟಿ ಬುಟ್ಟಿ ಕೊಟ್ಟಳು, ಏನೂ ಕೇಳಲಿಲ್ಲ. ನಾನು ಮಾತ್ರ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುವ ಜಾತಿ ನನ್ನದು. ಹೆಂಡತಿ ಅರ್ಮಿಯನ್ನು ಕಳಿಸಿದೆ. ಬರಿಗೈಯಲ್ಲಿ ಬಂದಳು.

'ಕೊಡ್ಲಿಲ್ವಾ?' ಅಂದೆ.

'ಕೊಡ್ತಾರಂತೆ. ನಿಮ್ಮನ್ನೇ ಬರೋಕೆ ಹೇಳಿದ್ರು. ಕಾಲು ಸವೆದಿಲ್ವಲ್ಲ ಅವನಿಗೆ, ಅಂದ್ರು.'

'ನಾನ್ ಹೋಗಲ್ಲ.'

'ಹೋಗ್ಬೇಡಿ. ರಿಂತಿಗೆ ನಾಳೆ ನಿಮ್ಮ ಮಾನ ಬೇಯಿಸಿ ಹಾಕ್ತೀನಿ, ತಿನ್ಲಿ.'

ಹೋದೆ. ಇಳಿತದ ಹೊತ್ತು. ಕಾಲುವೆಯಲ್ಲಿ ಏಳೆಂಟು ಹೆಂಗಸರು ಸೊಂಟ ಬಗ್ಗಿಸಿ ಕೊಯ್ಯುತ್ತಿದ್ದರು. ಅವಳು ನನ್ನನ್ನು ಕಂಡದ್ದೇ ಕೈಯಲ್ಲಿದ್ದ ಬುಟ್ಟಿಯನ್ನು ನನ್ನ ಎದೆಗೆ ತಳ್ಳಿದಳು. ತನ್ನ ತಲೆಯಿಂದ ಟೋಪಿ ತೆಗೆದು ನನ್ನ ತಲೆಗೆ ಇಟ್ಟಳು. ಅದೇ ಟೋಪಿ, ನಾನು ತಂದುಕೊಟ್ಟದ್ದು.

'ನಿಂತ್ಕೋ.'

'ದೊಡ್ಡಮ್ಮ...'

'ನಿಂತ್ಕೊಳ್ಳೋ ಅಂದ್ರೆ! ಬುಟ್ಟಿ ಸೊಂಟಕ್ಕೆ. ತಲೆ ವಾರೆ. ಹಾಂ. ಈಗ ನಗು. ಬಾಯಿ ಮುಚ್ಕೊಂಡು ನಗು.'

ಹೆಂಗಸರು ಬಿದ್ದು ಬಿದ್ದು ನಕ್ಕರು. ಒಬ್ಬಳು ಹೆಬ್ಬೆರಳು, ತೋರುಬೆರಳು ಸೇರಿಸಿ ಕ್ಲಿಕ್, ಕ್ಲಿಕ್ ಅಂದಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಮುಖಕ್ಕೆ ಮಂಗಳಾರತಿ ಆದ ಮೇಲೆ ಒಂದು ರೀತಿ ಹಗುರ ಆಗುತ್ತದಲ್ಲ, ಹಾಗೆ ಹಗುರವೂ ಆಯಿತು. ನಾನೂ ನಕ್ಕೆ. ಅವಳೂ ನಕ್ಕಳು, ಎರಡು ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು.

ಬೀಜ ಕೊಟ್ಟಳು, ಉಳಿದವರಿಗೆ ಕೊಟ್ಟದ್ದಕ್ಕಿಂತ ಎರಡು ಬುಟ್ಟಿ ಜಾಸ್ತಿ. ಮಾರನೇ ದಿನ ನನ್ನ ಹಳೆಯ ಜಾಗಕ್ಕೆ ತಾನೇ ಬಂದಳು, ಮೊದಲ ಹಗ್ಗ ಕಟ್ಟಿಸುವುದಕ್ಕೆ. ನಾನು ಗಂಟು ಹಾಕುವುದನ್ನೇ ಮರೆತಿದ್ದೆ. ತಪ್ಪು ಹಾಕಿದಾಗಲೆಲ್ಲ ಕೈಮೇಲೆ ಪಟ್ ಅಂತ ಹೊಡೆಯುತ್ತಿದ್ದಳು. ಮೊದಲ ಗಂಟು ಬಿಗಿದ ಮೇಲೆ ಅಂದಳು:

'ಈಗ ಕೂಗು.'

'ಏನು ಕೂಗ್ಲಿ?'

'ಯಾರದು ಅಂತ ಕೂಗು. ನಿಮ್ಮಮ್ಮ ಕೂಗ್ತಿದ್ದದ್ದು ಮರೆತ್ಯಾ? ಕಡಲಿಗೆ ಗೊತ್ತಾಗ್ಬೇಕು ಇದು ಇಂಥೋರ ಬೆಳೆ ಅಂತ. ಹೇಳ್ಕೊಳ್ಳೋರಿಲ್ಲದ ಬೆಳೆನ ನೀರು ತನ್ನದು ಅಂದ್ಕೊಂಡು ಎಳ್ಕೊಂಡು ಹೋಗುತ್ತೆ.'

ಅಮ್ಮ ಕೂಗುತ್ತಿದ್ದದ್ದು ನೆನಪಾಯಿತು. ಅಮ್ಮನ ಜೊತೆಗೇ ಹೋದ ಅಭ್ಯಾಸ ಅದು. 'ಇದು ಪಾನ್ ರಿಂತಿದು!' ಅಂತ ಕಡಲ ಕಡೆ ಮುಖ ಮಾಡಿ ಕೂಗಿದೆ. ಕೇಳಿಸಲಿಲ್ಲ ಅಂತ ಅವಳು ಎರಡನೇ ಸಲ ಕೂಗಿಸಿದಳು.

'ದೊಡ್ಡಮ್ಮ, ನಿಂಗೇನು ಕೊಡ್ಲಿ?' ಅಂತ ಕೇಳಿದೆ.

ಅವಳು ಸೀರೆಯಂತೆ ಉಟ್ಟ ಪಂಚೆಯ ತುದಿಯನ್ನು ಹಿಂಡುತ್ತಿದ್ದಳು. 'ಏನೂ ಬೇಡ. ನಾಳೆ ಆ ಜನ ತಿರುಗಿ ಬರ್ತಾರೆ. ಬಂದೇ ಬರ್ತಾರೆ. ಬಂದಾಗ ಯಾರಾದ್ರೂ ಇದು ಯಾರದು ಅಂತ ಕೇಳಿದ್ರೆ, ನಂದು ಅನ್ನು. ಅಷ್ಟು ಸಾಕು ನಂಗೆ.'

'ಅಷ್ಟೇನಾ? ಅದೇನು ದೊಡ್ಡ ಮಾತು?' ಅಂದೆ.

'ದೊಡ್ಡದಲ್ಲ. ಅದಕ್ಕೇ ಕೇಳಿದ್ದು.'

ಎರಡು ವರ್ಷ ನಾವು ಪಾಚಿಯ ಮೇಲೆ ಬದುಕಿದೆವು. ರಿಂತಿ ಎದೆಯೆತ್ತರಕ್ಕೆ ಬೆಳೆದದ್ದು, ಮನೆಯ ಮಾಡು ಸೋರದೆ ನಿಂತದ್ದು ಎಲ್ಲ ಅದರಿಂದ. ನನ್ನ ಅಂಗಳದ ತುಂಬ ಪಾಚಿ, ನಾಲ್ಕು ಕೋಣೆಗಳ ಮುಂದೆಯೂ ಪಾಚಿ. ಮೂಗು ಹಳೆಯ ಮೂಗಾಯಿತು. ಸಂಜೆ ಅವಳ ಗುಡಿಸಲಿನ ಮುಂದೆ ಕೂತು ಬೀಜ ಕಟ್ಟುತ್ತಾ ಅವಳ ಬೈಗುಳ ತಿನ್ನುವುದು ನನಗೊಂದು ಸುಖವೇ ಆಗಿತ್ತು. ಸುಳ್ಳೇಕೆ, ಆ ಎರಡು ವರ್ಷ ನಾನು ಒಳ್ಳೆಯ ಮನುಷ್ಯನಾಗಿದ್ದೆ.

ಅವಳಂದಂತೆ ಆ ಜನ ತಿರುಗಿ ಬಂದರು. ಮೊದಲು ಬಂದದ್ದು ಡೆನ್ಮಾರ್ಕಿನ ಗಂಡ ಹೆಂಡತಿ. ಫೋನಿನಲ್ಲಿ ಅವರ ಹೆಸರು ಮೂಡಿದ್ದೇ ಅರ್ಮಿಯನ್ನು ಕೂಗಿ ತೋರಿಸಿದೆ. ಹತ್ತು ದಿನ ಇರುತ್ತಾರಂತೆ, ಇಷ್ಟವಾದರೆ ಮುಂದಿನ ತಿಂಗಳು ಎಂಟು ಜನ ಗೆಳೆಯರನ್ನು ಕಳಿಸುತ್ತಾರಂತೆ. ಎಂಟು ಜನ ಅಂದರೆ ನಾಲ್ಕೂ ಕೋಣೆ. ಅರ್ಮಿ ಗೋಡೆಗೆ ಸುಣ್ಣ ಹಚ್ಚಿದಳು, ನಾನು ಜೋಕಾಲಿಗೆ ಹೊಸ ಹಗ್ಗ ಹಾಕಿದೆ. ಮುಂದಿನ ಅಂಗಳದ ಪಾಚಿಯನ್ನೆಲ್ಲ ಬಳಿದು ಹಿಂದಿನ ಗೋಡೆಯ ಮಗ್ಗುಲಿಗೆ ಸಾಗಿಸಿದೆ. ಇನ್ನೊಂದು ಬಿಸಿಲು ಸಿಕ್ಕಿದ್ದರೆ ಒಣಗಿ ಚೀಲ ಸೇರುತ್ತಿತ್ತು.

ಅವರು ಮಧ್ಯಾಹ್ನ ಇಳಿದರು. ಎಳನೀರು ಕೊಟ್ಟೆ, ಕಿವಿಗೆ ಸಂಪಿಗೆ ಸಿಕ್ಕಿಸಿದೆ, ಎರಡು ವರ್ಷದಿಂದ ತುಕ್ಕು ಹಿಡಿದಿದ್ದ ಇಂಗ್ಲಿಷನ್ನು ಉಜ್ಜಿ ಉಜ್ಜಿ ಮಾತಾಡಿದೆ. ಆ ಹೆಂಗಸು ಒಳ್ಳೆಯವಳು, ಕೆಟ್ಟದ್ದೇನೂ ಆಡಿದವಳಲ್ಲ. ಕೋಣೆಯ ಹಿಂದಿನ ಕಿಟಕಿ ತೆರೆದು, ಗಾಳಿ ಮೂಸಿ, ಹುಬ್ಬು ಗಂಟಿಕ್ಕಿದಳು. ಅವಳು ಹಿಂದಿನ ಬಾಗಿಲಿಂದ ಹೊರಬಂದಳು, ನಾನೂ ಅವಳ ಹಿಂದೆಯೇ ಬಂದೆ.

ಅಲ್ಲಿ ಮೆನ್ ಸೋಕಾ ಇದ್ದಳು. ಅಗುಂಗ್ ಬೆಟ್ಟದ ಕಡೆಯಿಂದ ಮೋಡ ಏಳುತ್ತಿತ್ತು. ದಾರಿಯಲ್ಲಿ ಹೋಗುತ್ತಿದ್ದವಳು ಅದನ್ನು ಕಂಡು ಒಳಗೆ ಬಂದಿದ್ದಾಳೆ. ನಾನು ಅತಿಥಿಗಳ ಗುಂಗಿನಲ್ಲಿ ಆಕಾಶ ನೋಡುವುದನ್ನೇ ಬಿಟ್ಟಿದ್ದೆ. ಮಂಡಿಯೂರಿ ಕೂತು ನನ್ನ ಪಾಚಿಯನ್ನು ಎರಡೂ ಕೈಯಲ್ಲಿ ಬಾಚಿ ಬಾಚಿ ಬುಟ್ಟಿಗೆ ತುಂಬುತ್ತಿದ್ದಳು. ನಮ್ಮನ್ನು ಕಂಡು ತಲೆ ಎತ್ತಿ, 'ಬಂದ್ಯಾ? ಇನ್ನೊಂದು ಬುಟ್ಟಿ ತಗೊಂಡ್ ಬಾ, ಮಳೆ ಬರುತ್ತೆ' ಅಂದಳು.

'ಏನಿದು ವಾಸನೆ? ಇದು ನಿಮ್ಮದಾ?' ಅಂತ ಆ ಹೆಂಗಸು ನನ್ನನ್ನು ಕೇಳಿದಳು.

ನಾನು ಯೋಚನೆ ಮಾಡಿದ್ದರೆ ಬೇರೆ ಮಾತು. ಯೋಚನೆಗೆ ಪುರುಸೊತ್ತೇ ಕೊಡದೆ ನಾಲಿಗೆ ಹೊರಟಿತು. 'ಅಯ್ಯೋ ಇಲ್ಲ ಇಲ್ಲ. ನಮ್ಮದಲ್ಲ. ಪಕ್ಕದವರದು. ಈ ಮುದುಕಿಯದು. ನಾನು ಹೇಳ್ತೀನಿ ಅವಳಿಗೆ' ಅಂದೆ. ಅಂದದ್ದಷ್ಟೇ ಅಲ್ಲ, ಬೆರಳು ಮಾಡಿ ತೋರಿಸಿದೆ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುತ್ತಾರೆ. ನಾನಿನ್ನೂ ಹೊಳೆಯ ನಡುವೆ ಇದ್ದೆ, ಆಗಲೇ ಅಂಬಿಗಿತ್ತಿಯನ್ನು ನೀರಿಗೆ ತಳ್ಳಿದೆ.

ಮೆನ್ ಸೋಕಾಳಿಗೆ ಇಂಗ್ಲಿಷ್ ಬರುವುದಿಲ್ಲ ಅಂತ ನೀವು ಅಂದುಕೊಳ್ಳಬಹುದು. ನಾನೂ ಆ ಗಳಿಗೆಯಲ್ಲಿ ಹಾಗೇ ಅಂದುಕೊಂಡೆ, ಅಂದುಕೊಂಡು ಸಮಾಧಾನಪಟ್ಟೆ. ಆದರೆ ಐದು ವರ್ಷ ಕಾಲುವೆಯಲ್ಲಿ ಅತಿಥಿಗಳ ಮುಂದೆ ನಿಲ್ಲಿಸಿ ಅವಳಿಗೆ ನಾಲ್ಕು ಮಾತು ಕಲಿಸಿದವನು ನಾನೇ ಅಲ್ಲವೇ. ನಂದು, ನಿಂದು, ಸಾರಿ, ಥ್ಯಾಂಕ್ಯೂ. ಬೆರಳು ತೋರಿಸಿದ್ದು ಅರ್ಥವಾಗುವುದಕ್ಕೆ ಅಷ್ಟೂ ಬೇಕಾಗಿರಲಿಲ್ಲ.

ಅವಳ ಕೈ ಒಂದು ಕ್ಷಣ ಪಾಚಿಯಲ್ಲೇ ನಿಂತಿತು. ನನ್ನ ಮುಖ ನೋಡಿದಳು. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಸಿಟ್ಟಿರಲಿಲ್ಲ. ಸಣ್ಣ ಹುಡುಗ ಚಡ್ಡಿ ಒದ್ದೆ ಮಾಡಿಕೊಂಡಾಗ ದೊಡ್ಡವರು ನೋಡುತ್ತಾರಲ್ಲ, ಹಾಗೆ ನೋಡಿದಳು. ಆಮೇಲೆ ಎದ್ದು ಆ ಹೆಂಗಸಿನ ಕಡೆ ತಿರುಗಿ, ನಾನು ಕಲಿಸಿದ ಇಂಗ್ಲಿಷಿನಲ್ಲೇ, 'ಸಾರಿ, ಸಾರಿ. ನಂದು' ಅಂದಳು. ಎದೆಯ ಮೇಲೆ ಕೈ ಇಟ್ಟು ಇನ್ನೊಮ್ಮೆ, 'ನಂದು' ಅಂದಳು.

ಪಾಪ, ಆ ಡೆನ್ಮಾರ್ಕಿನವಳಿಗೇ ನಾಚಿಕೆಯಾಯಿತು. 'ಪರವಾಗಿಲ್ಲ, ಪರವಾಗಿಲ್ಲ, ಎಷ್ಟು ಚೆನ್ನಾಗಿದ್ದಾರೆ ಇವರು! ಒಂದು ಫೋಟೋ ತೆಗೀಬಹುದಾ?' ಅಂತ ಫೋನನ್ನು ನನ್ನ ಕೈಗೆ ಕೊಟ್ಟು, ತಾನು ಅವಳ ಪಕ್ಕ ಹೋಗಿ ನಿಂತಳು.

ನಾನು ಏನೂ ಹೇಳಿಕೊಡಲಿಲ್ಲ. ಹೇಳಿಕೊಡಬೇಕಾಗಿಯೂ ಇರಲಿಲ್ಲ. ಮೆನ್ ಸೋಕಾ ನನ್ನ ಪಾಚಿ ತುಂಬಿದ ಬುಟ್ಟಿಯನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು. ತಲೆ ಸ್ವಲ್ಪ ವಾರೆ ಮಾಡಿದಳು. ಬಾಯಿ ಮುಚ್ಚಿಕೊಂಡು ನಕ್ಕಳು.

'ಇನ್ನೊಂದು' ಅಂತು ನನ್ನ ಬಾಯಿ. ಅಭ್ಯಾಸಬಲ ನೋಡಿ. ಇನ್ನೊಂದು ತೆಗೆದೆ.

ಆಮೇಲೆ ಅವಳು ಬುಟ್ಟಿ ತಲೆಯ ಮೇಲಿಟ್ಟುಕೊಂಡು ಹೊರಟಳು. ತನ್ನದು ಅಂದ ಮೇಲೆ ಅಲ್ಲಿ ಬಿಟ್ಟು ಹೋಗುವ ಹಾಗಿರಲಿಲ್ಲವಲ್ಲ. ಮೂರು ಸಲ ಬಂದು ಹೋದಳು, ದ್ವೀಪದ ಆ ಬದಿಗೆ, ಆ ವಯಸ್ಸಿನಲ್ಲಿ. ಮೂರನೇ ಸಲ ಹನಿ ಬೀಳುತ್ತಿತ್ತು. ನಾನು ಜೋಕಾಲಿಯ ಪಕ್ಕ ನಿಂತು ಆ ಗಂಡನಿಗೆ ಆಮೆಗಳು ಎಲ್ಲಿ ಕಾಣುತ್ತವೆ ಅಂತ ವಿವರಿಸುತ್ತಿದ್ದೆ.

ಅಡುಗೆಮನೆಗೆ ಹೋದಾಗ ಅರ್ಮಿ ಮೀನಿಗೆ ಮಸಾಲೆ ಅರೆಯುತ್ತಿದ್ದಳು. ತಲೆ ಎತ್ತಲಿಲ್ಲ.

'ಹಿತ್ತಲಲ್ಲಿದ್ದ ಪಾಚಿ ಎಲ್ಲೋಯ್ತು?'

'ದೊಡ್ಡಮ್ಮ ಎತ್ಕೊಂಡು ಹೋದ್ಳು, ಮಳೆ ಬರುತ್ತೆ ಅಂತ.'

'ನನ್ನ ಕಿವಿ ಇನ್ನೂ ಚೆನ್ನಾಗಿದೆ ರೀ. ಕಿಟಕಿ ತೆಗೆದೇ ಇತ್ತು.' ಅರೆಯುವುದನ್ನು ನಿಲ್ಲಿಸಿದಳು. 'ಯಾರದು ಅಂತ ಅಂದ್ರಿ? ಇನ್ನೊಂದ್ಸಲ ಹೇಳಿ, ಕೇಳೋಣ.'

'ಎಂಟು ಜನ ಬರ್ತಾರೆ ಕಣೇ ಮುಂದಿನ ತಿಂಗಳು...'

'ಬರ್ಲಿ. ಎಂಬತ್ತು ಜನ ಬರ್ಲಿ. ಥೂ! ಎರಡು ವರ್ಷ ಅನ್ನ ಹಾಕಿದ ಕೈಯನ್ನ ಬೆರಳು ಮಾಡಿ ತೋರಿಸ್ತೀರಲ್ರೀ. ಹೋಗಿ. ಹೋಗಿ ತಗೊಂಡ್ ಬನ್ನಿ, ಅವರ ಕಾಲು ಹಿಡಿದು ತಗೊಂಡ್ ಬನ್ನಿ.'

ಮಾರನೇ ದಿನ ಬೆಳಗಿನ ತಿಂಡಿ ಬಡಿಸಿ, ಅತಿಥಿಗಳು ಹಣ್ಣು ತಿನ್ನುತ್ತಿರುವಾಗ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಕಟ್ಟಿಕೊಂಡು ಹೋದೆ. ಕಾಲು ಹಿಡಿಯುವುದು ಅಂತಲೇ ಇತ್ತು. ಅವಳು ಬೈದರೆ ಬೈಸಿಕೊಳ್ಳುವುದು, ಮತ್ತೆ ಟೋಪಿ ಇಟ್ಟು ನಿಲ್ಲಿಸಿದರೆ ನಿಲ್ಲುವುದು. ಆಮೇಲೆ ಬುಟ್ಟಿಯನ್ನು ನಾನೇ ತಲೆಯ ಮೇಲೆ ಹೊತ್ತು, ದಡದ ಓಣಿಯಲ್ಲೇ ಬಂದು, ಜೋಕಾಲಿಯ ಮುಂದೆಯೇ ಟಾರ್ಪಾಲು ಹಾಸಿ, ಇದು ನನ್ನದು ಅಂತ ಆ ಹೆಂಗಸಿಗೆ ಹೇಳುವುದು. ಒಳ್ಳೆಯ ಯೋಚನೆ. ಯೋಚನೆಗೇನು, ನನ್ನ ಹತ್ತಿರ ಯಾವಾಗಲೂ ಒಳ್ಳೆಯವೇ ಇರುತ್ತವೆ.

ಮಳೆ ಕಳೆದು ಬಿಸಿಲು ಬಿದ್ದಿತ್ತು. ಗುಡಿಸಲಿನ ಮುಂದೆ ಅವಳು ಪಾಚಿ ಹರಡಿದ್ದಳು. ಒಂದು ಕಡೆ ಅವಳದು, ಇನ್ನೊಂದು ಕಡೆ ನನ್ನದು. ಒಂದರೊಳಗೊಂದು ಸೇರದಿರಲಿ ಅಂತ ನಡುವೆ ಬಿದಿರ ಗಳ ಅಡ್ಡ ಇಟ್ಟಿದ್ದಳು. ಒಂದು ಎಳೆಯೂ ಆಚೀಚೆ ಆಗಿರಲಿಲ್ಲ. ಬಿಸಿಲು ಚೆನ್ನಾಗಿ ಬೀಳುವ ಕಡೆ ನನ್ನದಿತ್ತು.

'ದೊಡ್ಡಮ್ಮ, ನಿನ್ನೆ ನಾನು...' ಅಂದೆ.

'ನೆನೆದಿಲ್ಲ, ಬಿಡು. ಸರಿಯಾಗಿ ಎತ್ಕೊಂಡು ಬಂದೆ. ಸಂಜೆ ಹೊತ್ತಿಗೆ ಗರಿಗರಿ ಆಗುತ್ತೆ.'

'ಅದಲ್ಲ...'

'ಅದಲ್ಲ ಅಂತ ನಂಗೂ ಗೊತ್ತು.' ಅವಳು ನನ್ನ ಕಡೆ ನೋಡದೆ ಪಾಚಿ ಮಗುಚುತ್ತಿದ್ದಳು, ಮೊದಲು ನನ್ನದನ್ನು. 'ನಿನ್ನ ಹೊಟ್ಟೆಪಾಡು ನಂಗೆ ತಿಳಿಯಲ್ವಾ ಮಗಾ? ಈಗಲೇ ತಗೊಂಡ್ ಹೋಗ್ಬೇಡ, ಅವರು ಕೂತಿರ್ತಾರೆ, ನೋಡ್ತಾರೆ. ಮತ್ತೆ ಅದು ಯಾರದು ಅಂತಾರೆ, ಮತ್ತೆ ನೀನು ತೊದಲ್ಬೇಕು. ಸಂಜೆ ಅವರು ಈಜೋಕೆ ಹೋಗ್ತಾರಲ್ಲ, ಆಗ ಬಾ. ಹಿಂದಿನ ದಾರಿಲಿ ತಗೊಂಡ್ ಹೋಗು. ಯಾರೂ ನೋಡಲ್ಲ.'

ನಾನು ಸುಳ್ಳು ಹೇಳಿದೆ ಅಂತ ಅವಳು ಒಂದು ಸಲವೂ ಅನ್ನಲಿಲ್ಲ. ಆ ಸುಳ್ಳು ಮುರಿಯದ ಹಾಗೆ ಕಾಯುವುದಕ್ಕೆ ದಾರಿ ಹೇಳಿಕೊಟ್ಟಳು.

ಬುಟ್ಟಿ ನನ್ನ ಕಾಲ ಬಳಿಯೇ ಇತ್ತು. ಬಗ್ಗಿ ಎತ್ತಿಕೊಂಡಿದ್ದರೆ ಆಗುತ್ತಿತ್ತು. ಓಣಿ ಅಲ್ಲೇ ಇತ್ತು, ಮನೆಯ ಮುಂದೆ ಅತಿಥಿಗಳು ಕೂತಿದ್ದರು, ಹೇಳಬೇಕಾದದ್ದು ಒಂದೇ ಮಾತು.

'ಸರಿ ದೊಡ್ಡಮ್ಮ' ಅಂದು ಬರಿಗೈಯಲ್ಲಿ ಮನೆಗೆ ಬಂದೆ. ಅರ್ಮಿ ಬಾಗಿಲಲ್ಲಿ ನಿಂತು ನನ್ನ ಕೈ ನೋಡಿದಳು, ಒಳಗೆ ಹೋದಳು. ಅವತ್ತು ಅತಿಥಿಗಳು ತುಂಬ ಹೊತ್ತು ಜೋಕಾಲಿಯಲ್ಲೇ ಕೂತಿದ್ದರು. ಅವರು ಈಜುವುದಕ್ಕೆ ಹೋಗುವವರೆಗೂ ನಾನು ಕಾದೆ.